ಅತ್ತೆಯ ಮೂಗು, ನನ್ನ ಮೇಣ

ನಮ್ಮ ಅತ್ತೆಗೆ ಮೂಗಿನ ತುದಿಯಲ್ಲೇ ಕೋಪ ಎಂದು ನೆಂಟರಿಷ್ಟರೆಲ್ಲ ಹೇಳುತ್ತಾರೆ. ಹನ್ನೊಂದು ವರ್ಷ ಜೊತೆಯಲ್ಲಿ ಬಾಳಿದವಳಾಗಿ ಹೇಳುತ್ತೇನೆ, ಕೋಪ ಆಮೇಲಿನ ಮಾತು. ಮೊದಲು ಬರುವುದು ಮೂಗೇ. ಮಧುಗಿರಿ ಬೆಟ್ಟದ ಬುಡದಲ್ಲಿರುವ ನಮ್ಮ ಬೀದಿಯಲ್ಲಿ ಯಾರ ಮನೆಯ ಒಗ್ಗರಣೆಗೆ ಬೆಳ್ಳುಳ್ಳಿ ಬಿತ್ತು, ಯಾರ ಮನೆಯಲ್ಲಿ ನಿನ್ನೆಯ ಸಾರನ್ನೇ ಬಿಸಿ ಮಾಡಿದರು, ಯಾರು ಸಿಗರೇಟು ಸೇದಿ ಬಾಯಿಗೆ ಏಲಕ್ಕಿ ಹಾಕಿಕೊಂಡು ಬಂದರು, ಎಲ್ಲ ಅವರಿಗೆ ಜಗಲಿಯ ಮೇಲೆ ಕೂತಲ್ಲೇ ತಿಳಿಯುತ್ತಿತ್ತು. ನಾನು ಕೊರಟಗೆರೆ ಹತ್ತಿರದ ಸರ್ಕಾರಿ ಶಾಲೆಯೊಂದರಲ್ಲಿ ಟೀಚರ್. ಒಂದು ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಎರಡು ಮೆಣಸಿನಕಾಯಿ ಬಜ್ಜಿ ತಿಂದು, ಬಾಯಿ ಮುಕ್ಕಳಿಸಿ, ಕೈಯನ್ನು ಮೂರು ಸಲ ಕರ್ಚೀಫಿಗೆ ಒರೆಸಿಕೊಂಡು ಮನೆಗೆ ಬಂದೆ. ಅತ್ತೆ ತಲೆ ಕೂಡ ಎತ್ತಲಿಲ್ಲ. "ಬಿಸಿ ಇದ್ವಾ?" ಎಂದು ಕೇಳಿದರು.

ನನ್ನ ತವರು ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲು. ಅದನ್ನೂ ಅವರು ನನ್ನ ಮೂಗಿಗೇ ತಂದು ಕಟ್ಟುತ್ತಿದ್ದರು. "ನಿಮ್ಮೂರಾಗೆ ಬಿಸ್ಲು ಬಿಟ್ರೆ ಮೂಸಾಕೆ ಇನ್ನೇನೈತೆ? ಈಗ ಆ ಬಿಸ್ಲನ್ನೂ ಬಾಡ್ಗೆಗೆ ಬುಟ್ಟವ್ರೆ" ಎನ್ನುತ್ತಿದ್ದರು. ನಮ್ಮ ತಂದೆಯ ಹೊಲ ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋದ ಮೇಲೆ ಹುಟ್ಟಿದ ಮಾತು ಅದು. ನಾನು ಒಳಗೆ ಹೋಗಿ ತೆಲುಗಿನಲ್ಲಿ ಗೊಣಗುತ್ತಿದ್ದೆ. ಅವರಿಗೆ ತೆಲುಗು ಅರ್ಧಂಬರ್ಧ ಬರುತ್ತಿತ್ತು, ಗೊಣಗಾಟ ಮಾತ್ರ ಪೂರ್ತಿ ಅರ್ಥವಾಗುತ್ತಿತ್ತು.

ಆ ಮೂಗಿಗೆ ಬೀದಿಯಲ್ಲಿ ಒಂದು ಖಾಯಂ ಕೆಲಸವೂ ಇತ್ತು. ಯಾರ ಮನೆಯ ಮದುವೆಯಾದರೂ ಬೆಣ್ಣೆ ಕಾಯಿಸುವ ದಿನ ಅತ್ತೆಯನ್ನು ಕರೆಯಲೇಬೇಕು. ಹಿತ್ತಲಿನಲ್ಲಿ ಕಲ್ಲಿನ ಒಲೆ ಹೂಡಿ, ದೊಡ್ಡ ಪಾತ್ರೆಯಲ್ಲಿ ಬೆಣ್ಣೆ ಏರಿಸುತ್ತಾರೆ. ಅತ್ತೆ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು ಕಣ್ಣು ಮುಚ್ಚುತ್ತಾರೆ. ಅಲ್ಲಿಂದ ಮುಂದೆ ಯಾರೂ ಮಾತಾಡುವಂತಿಲ್ಲ. ಎಷ್ಟೋ ಹೊತ್ತಿನ ಮೇಲೆ ಕಣ್ಣು ಬಿಡದೆಯೇ "ಇಳ್ಸಿ" ಎನ್ನುತ್ತಾರೆ. ಇಬ್ಬರು ಗಂಡಸರು ತಕ್ಷಣ ಪಾತ್ರೆ ಇಳಿಸುತ್ತಾರೆ. ಆರಿದ ಮೇಲೆ ನೋಡಿದರೆ ಮರಳು ಮರಳಾದ ತುಪ್ಪ. ಹೆಂಗಸರು ತುಪ್ಪ ನೋಡಲು ಬರುತ್ತಿದ್ದರೋ ಮುಚ್ಚಿದ ಕಣ್ಣು ನೋಡಲು ಬರುತ್ತಿದ್ದರೋ ಹೇಳುವುದು ಕಷ್ಟ. ಅತ್ತೆಗೂ ಇದು ಗೊತ್ತಿತ್ತು. ಕಣ್ಣು ಮುಚ್ಚುವ ಮುಂಚೆ, ಜನ ಸಾಕಷ್ಟು ಸೇರಿದ್ದಾರೋ ಇಲ್ಲವೋ ಎಂದು ಸುತ್ತ ಒಮ್ಮೆ ನೋಡಿಕೊಳ್ಳುತ್ತಿದ್ದರು.

ಇಂಥ ಮೂಗಿರುವ ಮನೆಯಲ್ಲಿ ಕೂತು ನಾನು ಪರಿಮಳದ ಕ್ಯಾಂಡಲ್ ಮಾಡಲು ಹೊರಟೆ. ಮಾಡುವವಳಿಗೆ ಬುದ್ಧಿ ಬೇಡವೇ ಎಂದು ಈಗ ಅನ್ನಿಸುತ್ತದೆ. ಬೇಸಿಗೆ ರಜೆ, ಮಧ್ಯಾಹ್ನಗಳು ಉದ್ದ, ಫೋನಿನಲ್ಲಿ ಯಾರೋ ಒಬ್ಬಾಕೆ ಗಾಜಿನ ಲೋಟಕ್ಕೆ ಮೇಣ ಹುಯ್ಯುತ್ತ "ತುಂಬಾ ಸುಲಭ" ಎಂದಳು. ನಾನು ನಂಬಿದೆ. ಸೋಯಾ ಎಣ್ಣೆಯಿಂದ ಮಾಡಿದ ಮೇಣ, ನೂಲಿನ ಬತ್ತಿ, ಪುಟ್ಟ ಪುಟ್ಟ ಸೀಸೆಗಳಲ್ಲಿ ಸುವಾಸನೆಯ ಎಣ್ಣೆ, ಎಲ್ಲವನ್ನೂ ಕೊರಿಯರಿನಲ್ಲಿ ತರಿಸಿದೆ. ಮೇಣ ಬಿಳಿ ಚೂರುಗಳಾಗಿ ಬಂತು. ಅತ್ತೆ ಪೊಟ್ಟಣ ಬಿಚ್ಚಿ, ಒಂದು ಚಿಟಿಕೆ ಉಜ್ಜಿ ನೋಡಿ, "ಈ ಅವಲಕ್ಕಿಗೆ ಯಾಕಿಂಗೆ ಜಿಡ್ಡು ಹಿಡ್ದೈತೆ?" ಎಂದರು. ಏನೆಂದು ತಿಳಿಸಿ ಹೇಳಿದ ಮೇಲೆ ಇನ್ನೊಂದು ಮಾತು ಸೇರಿಸಿದರು. "ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು." ನಮ್ಮ ಯಜಮಾನರು ಎದ್ದು ಹೋಗುತ್ತ, "ಮನೇಲಿ ಇನ್ವರ್ಟರ್ ಇದೆಯಲ್ಲ" ಎಂದರು. ಅಲ್ಲಿಗೆ ಅವರ ಪಾಲಿನ ಪ್ರೋತ್ಸಾಹ ಮುಗಿಯಿತು.

ಮೊದಲ ಸಲ ಗಾಜಿನ ಲೋಟ ಯಾಕೆ, ನಮ್ಮಲ್ಲಿ ತೆಂಗಿನ ಚಿಪ್ಪಿಗೇನು ಬರವೇ ಎಂದುಕೊಂಡೆ. ಆರು ಚಿಪ್ಪುಗಳನ್ನು ಉಜ್ಜಿ ನುಣ್ಣಗೆ ಮಾಡಿ, ನಡುವೆ ಬತ್ತಿ ನಿಲ್ಲಿಸಿ, ಕರಗಿದ ಮೇಣ ಹುಯ್ದೆ. ತೆಂಗಿನಕಾಯಿಗೆ ಕಣ್ಣು ಇರುತ್ತದೆ ಎಂಬುದನ್ನು ಹುಟ್ಟಿದಾಗಿನಿಂದ ಕಾಯಿ ಒಡೆದವಳು ಮರೆತಿದ್ದೆ. ಮೂರು ಚಿಪ್ಪುಗಳು ಕಣ್ಣಿನಿಂದ ಅಳುತ್ತ ಅಷ್ಟೂ ಮೇಣವನ್ನು ಅಡುಗೆ ಕಟ್ಟೆಯ ಮೇಲೆ ಹರಿಸಿದವು. ಉಳಿದ ಮೂರರಲ್ಲಿ ಮೇಣ ಗಟ್ಟಿಯಾಗುವಾಗ ನಡುವೆ ಗುಂಡಿ ಬಿತ್ತು. ಅತ್ತೆ ಬಾಗಿಲಿಗೆ ಒರಗಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಆದರೂ ನನಗೆ ಬೇಕಿದ್ದದ್ದು ಅವರದೇ ಬಾಯಿಂದ ಒಂದು "ಚೆನ್ನಾಗೈತೆ". ಊರೆಲ್ಲ ಹೊಗಳಿದರೂ ಆ ಮೂಗು ಒಪ್ಪದಿದ್ದರೆ ಒಪ್ಪಿದಂತಲ್ಲ.

ಲ್ಯಾವೆಂಡರ್ ಹಾಕಿ ಮಾಡಿದ್ದನ್ನು ಮೂಸಿ, "ಆಸ್ಪತ್ರೆ ನೆಲ ಒರ್ಸಿದಂಗೈತೆ" ಎಂದರು. ಗಂಧ ಮಾಡೋಣ ಎಂದು ಶಿರಾಕ್ಕೆ ಹೋದೆ. ಅಲ್ಲಿ ಪೇಟೆಯಲ್ಲಿ ಅತ್ತರು ಮಾರುವ ಹಿರಿಯ ಸಾಬರೊಬ್ಬರಿದ್ದಾರೆ, ಗಲ್ಲಾಪೆಟ್ಟಿಗೆಯ ಹಿಂದೆ ಹತ್ತಿಯ ಉಂಡೆ ಕಿವಿಗಿಟ್ಟುಕೊಂಡು ಕೂತಿರುತ್ತಾರೆ. ನಾನು ಯಾತಕ್ಕೆಂದು ಹೇಳಿದಾಗ ಅವರಿಗೆ ನಿಜವಾಗಿಯೂ ನೋವಾಯಿತು. "ಮೇಡಂ, ಅತ್ತರು ಮೈಗೆ, ಬೆಂಕಿಗಲ್ಲ. ಕುದಿಯೋದಕ್ಕೆ ಹಾಕಿದ್ರೆ ಖುಷ್ಬೂ ಓಡೋಗ್ತದೆ. ಸ್ವಲ್ಪ ಸಬೂರಿ ಇರ್ಲಿ, ಆರಿದ್ಮೇಲೆ ಹಾಕಿ" ಎಂದರು. ಸಬೂರಿ ನಮ್ಮ ವಂಶದಲ್ಲೇ ಇಲ್ಲ. ಕುದಿಯುತ್ತಿದ್ದ ಮೇಣಕ್ಕೇ ಸುರಿದೆ. ಅತ್ತೆ ಮೂಸಿದರು, ಹಿಂದಕ್ಕೆ ಹಿಡಿದರು, ಮತ್ತೆ ಮೂಸಿದರು. "ಇದು ಗಂಧ ಅಲ್ಲ ಕಣಮ್ಮ. ಗಂಧದ ಫೋಟೋ" ಎಂದರು. ಅಂಥ ಮಾತಿಗೆ ಸಿಟ್ಟು ಮಾಡಿಕೊಳ್ಳಲೂ ಆಗುವುದಿಲ್ಲ, ಸರಿಯಾಗಿಯೇ ಹೇಳಿದ್ದರು.

ಮಳೆಗಾಲದಲ್ಲಿ ಅತ್ತೆಗೆ ಜ್ವರ ಬಂತು. ಒಂದು ವಾರ ಮಲಗಿದರು, ಎದ್ದರು, ಮೊದಲಿನಂತೆ ಜಗಲಿಗೆ ಬಂದು ಕೂತರು. ಆ ಹೊತ್ತಿಗೆ ನಾನು ಮಲ್ಲಿಗೆಯ ಕ್ಯಾಂಡಲ್ ಮಾಡಿದ್ದೆ. ಹೆದರುತ್ತಲೇ ಮುಂದೆ ಹಿಡಿದೆ. ಮೂಗಿನ ಹತ್ತಿರ ಒಯ್ದರು, ಒಮ್ಮೆ ತಿರುಗಿಸಿ ನೋಡಿದರು.

"ಚೆನ್ನಾಗೈತೆ ಕಣಮ್ಮ" ಎಂದರು.

ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮರುದಿನ ಸ್ಟಾಫ್ ರೂಮಿನಲ್ಲಿ ಪ್ರತಿಯೊಬ್ಬರಿಗೂ ಹೇಳಿದೆ, ಕೇಳದವರಿಗೆ ಎರಡು ಸಲ ಹೇಳಿದೆ. ಮುಂದಿನ ವಾರ ನಿಂಬೆ ಮಾಡಿದೆ, "ಚೆನ್ನಾಗೈತೆ". ಕಾಫಿಯ ವಾಸನೆಯದು ಮಾಡಿದೆ, ಅದು ನನಗೇ ಸೀದ ಚಿಕೋರಿಯಂತೆ ಅನ್ನಿಸಿತ್ತು. ಅದಕ್ಕೂ "ಚೆನ್ನಾಗೈತೆ". ಜ್ವರ ಅತ್ತೆಯ ಸ್ವಭಾವವನ್ನು ತಣ್ಣಗೆ ಮಾಡಿದೆ ಎಂದು ನಾನು ಜ್ವರಕ್ಕೆ ಮನಸ್ಸಿನಲ್ಲೇ ಕೈಮುಗಿದೆ. ಆ ತಿಂಗಳಲ್ಲಿ ಎರಡು ಸಲ ಹಾಲು ಹಳಸಿದ್ದು ಅವರಿಗೆ ಗೊತ್ತಾಗಲಿಲ್ಲ. ನಾನು ಇನ್ನೂ ಎರಡು ಸಲ ಬಜ್ಜಿ ತಿಂದು ಬಂದರೂ ಕೇಳಲಿಲ್ಲ. ಇದೆಲ್ಲ ಕಣ್ಣೆದುರಿಗೇ ಇತ್ತು. ಹೊಗಳಿಸಿಕೊಳ್ಳುತ್ತಿರುವವರಿಗೆ ಉಳಿದದ್ದು ಕಾಣುವುದಿಲ್ಲ.

ಆಮೇಲೆ ಗೌಡಗೆರೆಯ ಬೀಗರು ಊಟಕ್ಕೆ ಬಂದರು. ನನ್ನ ನಾದಿನಿಯ ಅತ್ತೆ ಮಾವ ಅವರು. ಬೀಗರು ಸಾಧು, ಎಲೆಯಲ್ಲಿ ಏನಿದ್ದರೂ ಉಣ್ಣುತ್ತಾರೆ. ಬೀಗಿತ್ತಿ ಹಾಗಲ್ಲ. ಶೇಂಗಾ ಚಟ್ನಿಪುಡಿಯಲ್ಲಿ ತನ್ನನ್ನು ಬಿಟ್ಟರಿಲ್ಲ ಎಂದುಕೊಂಡವರು, ನಮ್ಮತ್ತೆಯ ತುಪ್ಪದ ಹೆಸರು ಕೇಳಿದರೆ ಅವರಿಗೆ ಹೊಟ್ಟೆಯಲ್ಲಿ ಸಣ್ಣಗೆ ಉರಿ. ಅವರಿಗೋಸ್ಕರವೇ ಅತ್ತೆ ಬೇಳೆ ಹೋಳಿಗೆ ಮಾಡಿಸಿದರು. ಬೆಳಿಗ್ಗೆ ನಾನು ಮಲ್ಲಿಗೆ ಮೇಣ ಹುಯ್ದು, ಮಿಕ್ಕಿದ್ದನ್ನು ಒಂದು ಸ್ಟೀಲ್ ಡಬ್ಬಿಗೆ ಹಾಕಿ ಅಡುಗೆ ಮನೆಯ ಗೂಡಿನಲ್ಲಿಟ್ಟಿದ್ದೆ. ನಮ್ಮ ಮದುವೆಯಲ್ಲಿ ಯಾರೋ ಕೊಟ್ಟ ಜೋಡಿ ಡಬ್ಬಿಗಳಲ್ಲಿ ಅದೊಂದು. ಅದರ ಜೋಡಿಯಲ್ಲಿ ತುಪ್ಪ ಇತ್ತು. ಸೋಯಾ ಮೇಣ ಗಟ್ಟಿಯಾದರೆ ಹೆಪ್ಪುಗಟ್ಟಿದ ತುಪ್ಪದ ಹಾಗೇ ಕಾಣುತ್ತದೆ, ಕರಗಿದರಂತೂ ತುಪ್ಪವೇ. ವ್ಯತ್ಯಾಸ ಏನಿದ್ದರೂ ವಾಸನೆಯಲ್ಲಿ ಮಾತ್ರ.

ನಾನು ಕಾವಲಿಯ ಮೇಲೆ ಹೋಳಿಗೆ ಬೇಯಿಸುತ್ತಿದ್ದೆ, ಅತ್ತೆ ಬಡಿಸುತ್ತಿದ್ದರು. ಬಿಸಿ ನೀರಿನಲ್ಲಿ ಡಬ್ಬಿ ಇಟ್ಟು ಕರಗಿಸಿದ್ದು, ನಡುಮನೆಗೆ ಒಯ್ದದ್ದು ನನ್ನ ಬೆನ್ನ ಹಿಂದೆಯೇ ನಡೆಯಿತು. ನಡುಮನೆಯಿಂದ ಮಲ್ಲಿಗೆಯ ಘಮ ಬಂದಾಗ ಬೀಗಿತ್ತಿ ಭರ್ಜರಿಯಾಗಿ ಹೂವು ಮುಡಿದು ಬಂದಿದ್ದಾರೆ ಎಂದುಕೊಂಡೆ. ಅಷ್ಟರಲ್ಲಿ ಅವರ ಮಾತು ಕೇಳಿಸಿತು.

"ಅಕ್ಕ, ನಿಮ್ ಕಡೆ ತುಪ್ಪುಕ್ಕೆ ಮಲ್ಲಿಗೆ ಹೂವ ಹಾಕಿ ಕಾಯಿಸ್ತೀರಾ?"

ಅತ್ತೆ ತಮಾಷೆ ಎಂದುಕೊಂಡು ನಕ್ಕರು. "ಊಂ ಕಣಕ್ಕ, ಮೊಗ್ಗೇ ಹಾಕ್ತೀವಿ. ಇನ್ನೊಂಚೂರು ಬುಡ್ಲಾ?" ಎಂದರು.

ನಾನು ಸೌಟು ಹಿಡಿದೇ ಓಡಿದೆ. ಬೀಗಿತ್ತಿಯ ಎಲೆಯಲ್ಲಿ ಹೋಳಿಗೆಯ ಆರಿದ ಅಂಚಿನಲ್ಲಿ ತುಪ್ಪ ಸುಣ್ಣದಂತೆ ಬೆಳ್ಳಗಾಗುತ್ತಿತ್ತು. ಬೀಗರು ಒಂದು ಹೋಳಿಗೆ ಮುಗಿಸಿ ಎರಡನೆಯದಕ್ಕೆ ಕೈ ಹಾಕಿದ್ದರು. ಜುಟ್ಟಿಗೆ ಹೋಗಬೇಕಾದ ಮಲ್ಲಿಗೆ ಹೊಟ್ಟೆಗೇ ಹೋಗುತ್ತಿತ್ತು. ಅತ್ತೆ ನನ್ನ ಮುಖ ನೋಡಿದರು, ಕೈಯಲ್ಲಿದ್ದ ಡಬ್ಬಿ ನೋಡಿದರು, ಅದನ್ನು ನಿಧಾನವಾಗಿ ಮೂಗಿನ ಹತ್ತಿರ ತಂದು ಕೆಳಗಿಳಿಸಿದರು. ಆ ಮುಖವನ್ನು ಹನ್ನೊಂದು ವರ್ಷದಲ್ಲಿ ನಾನು ಕಂಡಿರಲಿಲ್ಲ. ಪರೀಕ್ಷೆಯಲ್ಲಿ ಪ್ರಶ್ನೆಯೇ ಅರ್ಥವಾಗದೆ ಕೂತ ಮಕ್ಕಳ ಮುಖ ಹಾಗಿರುತ್ತದೆ. ಮಲ್ಲಿಗೆಯ ಘಮಕ್ಕೆ ಇಡೀ ಮನೆ ತುಂಬಿದೆ, ಅವರಿಗೆ ಏನೂ ತಿಳಿಯುತ್ತಿಲ್ಲ. ನನಗೆ ಆಗ ಎಲ್ಲ ಅರ್ಥವಾಯಿತು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನನ್ನ ಕಾಲ ಬಂದು ಎದುರಿಗೆ ನಿಂತಿತ್ತು. ನಾನು ಬಾಯಿ ಬಿಟ್ಟು ಒಂದು ಮಾತು ಹೇಳಿದರೆ ಸಾಕಿತ್ತು, ಬಜ್ಜಿಯಿಂದ ಹಿಡಿದು ಬಾಡಿಗೆ ಬಿಸಿಲಿನವರೆಗೆ ಎಲ್ಲಕ್ಕೂ ತೀರಿಸಿಕೊಂಡಂತೆ ಆಗುತ್ತಿತ್ತು. ಸುದ್ದಿಯನ್ನು ಗೌಡಗೆರೆಯಿಂದಾಚೆಗೂ ಸಾಗಿಸಲು ಬೀಗಿತ್ತಿ ಸಿದ್ಧವಾಗಿಯೇ ಕೂತಿದ್ದರು. ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಬಾಯಿಂದ ಬಂದದ್ದೇ ಬೇರೆ.

"ಉಗುಳಿಬಿಡಿ, ಉಗುಳಿಬಿಡಿ. ನಂದೇ ತಪ್ಪು. ಅತ್ತೆ ಬೇಡ ಅಂತ ಬಡ್ಕೊಂಡ್ರು. ಫೋನಲ್ಲಿ ನೋಡಿ ತುಪ್ಪಕ್ಕೆ ನಾನೇ ಏನೇನೋ ಬೆರೆಸಿಬಿಟ್ಟೆ" ಎಂದೆ.

ಬೀಗಿತ್ತಿ ಬಾಯಿ ತೊಳೆದು ಬಂದು, "ಫೋನ್ ನೋಡ್ಕೊಂಡು ಅಡುಗೆ ಮಾಡಿದ್ರೆ ಇಂಗೇಯ ಕಣಮ್ಮ" ಎಂದು ಸಮಾಧಾನ ಮಾಡಿದರು. ಬಹಳ ಸಂತೋಷದಲ್ಲಿದ್ದರು. ಬೀಗರು ಮಾತ್ರ "ನಂಗೇನೂ ಅನ್ನುಸ್ಲಿಲ್ಲ" ಎಂದರು. ಆ ದಿನ ಸಂಜೆ ನಾನು ಹೆದರಿ ಎರಡು ಸಲ ಅವರಿಗೆ ಫೋನ್ ಮಾಡಿದೆ. ತೇಗಿದರೆ ಮಲ್ಲಿಗೆ ಬರುತ್ತದೆ, ಬೇರೆ ತೊಂದರೆ ಇಲ್ಲ ಎಂದರು.

ಬೀಗರು ಹೋದ ಮೇಲೆ ಅತ್ತೆ ಹಿತ್ತಲಿನ ಕಲ್ಲಿನ ಮೇಲೆ ಕೂತು ಆ ಡಬ್ಬಿಯನ್ನು ಉಜ್ಜುತ್ತಿದ್ದರು. ಅದು ಯಾವಾಗಲೋ ಶುದ್ಧವಾಗಿತ್ತು. ನಾನು ಪಕ್ಕದಲ್ಲಿ ಕೂತೆ.

"ಜ್ವರ ಬಂದಾಗ್ನಿಂದ ಇಂಗೇಯ" ಎಂದರು. "ಏನೂ ಗೊತ್ತಾಗ್ತಿಲ್ಲ. ಸಾರೂ ಒಂದೇ, ನೀರೂ ಒಂದೇ. ನಾಳೆ ಸರಿಹೋದಾತು, ನಾಡಿದ್ದು ಸರಿಹೋದಾತು ಅಂತ ಕಾದೆ. ಯಾರ್ಗೂ ಏಳ್ಬ್ಯಾಡ. ನನ್ ಮಗಂಗೂ ಏಳ್ಬ್ಯಾಡ."

ನನಗೆ ಕನಿಕರ ಬಂತು. ಅದರ ಹಿಂದೆಯೇ ಇನ್ನೊಂದು ಬಂತು. "ಹಂಗಾದ್ರೆ ನನ್ನ ಕ್ಯಾಂಡಲ್ ಚೆನ್ನಾಗಿದೆ ಅಂದಿದ್ದು?"

"ಇನ್ನೇನ್ ಅನ್ಲಿ?" ಎಂದರು.

ನನ್ನ ಮೂಗಿಗೆ ತುಪ್ಪ ಸವರಿದ್ದರು, ಅದೂ ಮೂರು ಸಲ. ಸ್ಟಾಫ್ ರೂಮಿನಲ್ಲಿ ಹೇಳಿಕೊಂಡದ್ದೆಲ್ಲ ನೆನಪಾಗಿ ಕಿವಿ ಬಿಸಿಯಾಯಿತು. ಆದರೆ ಅತ್ತೆ ಡಬ್ಬಿ ಉಜ್ಜುವುದನ್ನು ಇನ್ನೂ ನಿಲ್ಲಿಸಿರಲಿಲ್ಲ. ದೀಪಾವಳಿ ಕಳೆದು ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಮದುವೆ ಇತ್ತು, ತುಪ್ಪಕ್ಕೆ ಬರುತ್ತೇನೆಂದು ಅವರು ವೀಳ್ಯ ತೆಗೆದುಕೊಂಡಾಗಿತ್ತು. ಅತ್ತೆಗೆ ಈಚೆಗೆ ಕಿವಿಯೂ ಸ್ವಲ್ಪ ಮಂದ, ಬೆಣ್ಣೆ ಚಟಗುಟ್ಟುವುದು ಕೇಳಿಸದು. ಹೊಗೆಯಲ್ಲಿ ಬಣ್ಣ ಕಾಣದು. ಎಲ್ಲಕ್ಕಿಂತ ಮೇಲೆ ಕಣ್ಣು ಮುಚ್ಚುವ ಆ ಪದ್ಧತಿ. ಅವರೇ ಮಾಡಿಕೊಂಡ ಪದ್ಧತಿಗೆ ಅವರೇ ಸಿಕ್ಕಿಕೊಂಡಿದ್ದರು. "ಮದ್ವೆ ಮನೆ ತುಪ್ಪ ಸೀದೋದ್ರೆ ಮುಗೀತು. ಆಮೇಲೆ ನಾನು ಜಗ್ಲಿ ಮ್ಯಾಲೆ ಕೂತು ಏನ್ ಮಾಡ್ಲಿ?" ಎಂದು ಕೇಳಿದರು. ನನ್ನನ್ನು ಕೇಳುತ್ತಿದ್ದರು. ಅದು ನನಗೆ ಹೊಸದು.

ಶಾಲೆಯ ಕೆಲಸದ ನೆಪ ಹೇಳಿ ಅವರನ್ನು ತುಮಕೂರಿಗೆ ಕರೆದೊಯ್ದು ಕಿವಿ ಮೂಗಿನ ಡಾಕ್ಟರಿಗೆ ತೋರಿಸಿದೆ. ಕೆಲವು ಜ್ವರಗಳ ಮೇಲೆ ಹೀಗಾಗುತ್ತದೆ, ಬಂದರೂ ಬರಬಹುದು, ಅಭ್ಯಾಸ ಮಾಡಿಸಿ ಎಂದರು. ಗುಲಾಬಿ, ನಿಂಬೆ, ಲವಂಗ, ನೀಲಗಿರಿ, ಈ ನಾಲ್ಕನ್ನು ಬೆಳಿಗ್ಗೆ ಸಂಜೆ ನಿಧಾನವಾಗಿ ಮೂಸಬೇಕು, ಮೂಸುವಾಗ ಆ ವಾಸನೆಯನ್ನು ನೆನಪು ಮಾಡಿಕೊಳ್ಳಬೇಕು, ತಿಂಗಳುಗಟ್ಟಲೆ ಬಿಡಬಾರದು. ಬಸ್ಸಿನಲ್ಲಿ ಅತ್ತೆ, "ಮಾತ್ರೆ ಇಲ್ದಿರೋ ಡಾಕ್ಟ್ರು ಎಂಥಾ ಡಾಕ್ಟ್ರು" ಎಂದರು. ನಾನು ಆಗಲೇ ಮನಸ್ಸಿನಲ್ಲಿ ಮೇಣ ಕರಗಿಸುತ್ತಿದ್ದೆ.

ಮತ್ತೆ ಶಿರಾಕ್ಕೆ ಹೋದೆ. ಈ ಸಲ ಉರಿಸುವುದಿಲ್ಲ, ಮೂಸುವುದಕ್ಕೆ ಮಾತ್ರ ಎಂದಾಗ ಅತ್ತರಿನ ಸಾಬರ ಮುಖ ಅರಳಿತು. ಗುಲಾಬಿಯ ಸೀಸೆಯನ್ನು ಒಳಗಿನಿಂದ ತಂದು ಕೊಟ್ಟರು. ಅವರು ಹೇಳಿದ ಹಾಗೆಯೇ, ಮೇಣ ಕೈ ತಡೆಯುವಷ್ಟು ಆರುವವರೆಗೆ ಕಾದು, ಆಮೇಲೆ ಬೆರೆಸಿದೆ. ನಾಲ್ಕು ಚಿಕ್ಕ ಡಬ್ಬಿ, ನಾಲ್ಕು ವಾಸನೆ. ನನ್ನ ಕೈಯಿಂದ ಮೊದಲ ಸಲ ಗುಂಡಿ ಬೀಳದ ಮೇಣ ಬಂದದ್ದು ಆವತ್ತು, ಅದನ್ನು ಮೆಚ್ಚಬೇಕಾದ ಮೂಗಿಗೆ ಮಾತ್ರ ಅದು ತಿಳಿಯುತ್ತಿರಲಿಲ್ಲ.

ಬೆಳಿಗ್ಗೆ ಜಗಲಿಯ ಮೇಲೆ ಕೂತು ಅತ್ತೆ ಒಂದೊಂದೇ ಡಬ್ಬಿ ಎತ್ತಿ ಕಣ್ಣು ಮುಚ್ಚಿ ಮೂಸುವುದು ಎರಡೇ ದಿನದಲ್ಲಿ ಬೀದಿಯ ಕಣ್ಣಿಗೆ ಬಿತ್ತು. ಎದುರು ಮನೆಯಾಕೆ ಬಂದು ಕೇಳಿದರು. ಅತ್ತೆ ಒಂದು ಕ್ಷಣವೂ ತಡವರಿಸದೆ, "ವ್ರತ ಕಣಮ್ಮ. ನಲವತ್ತೆಂಟು ದಿನ. ನಡುವೆ ಮಾತಾಡ್ಬಾರ್ದು" ಎಂದು ಮುಂದಿನ ಡಬ್ಬಿ ಎತ್ತಿಕೊಂಡರು. ಯಾವ ದೇವರ ವ್ರತ ಎಂದು ಯಾರಿಗೂ ಕೇಳಲು ಧೈರ್ಯ ಬರಲಿಲ್ಲ. ಆದರೆ ವಾರದೊಳಗೆ ನಾಲ್ಕು ಮನೆಯವರು ನನ್ನ ಹತ್ತಿರ ಡಬ್ಬಿ ಮಾಡಿಸಿಕೊಂಡರು. ಎದುರು ಮನೆಯಾಕೆ, ವ್ರತ ಹಿಡಿದ ಮೇಲೆ ತಲೆನೋವು ಬಿಟ್ಟಿತು ಎಂದು ನನಗೇ ಸಾಕ್ಷಿ ಹೇಳಿದರು. ನಾನು ಭಕ್ತಿಯಿಂದ ತಲೆಯಾಡಿಸಿದೆ.

ವ್ರತ ನಡೆಯುತ್ತಿತ್ತು, ಮೂಗು ಬರಲಿಲ್ಲ, ಮದುವೆ ಹತ್ತಿರ ಬಂತು. ಒಂದು ಭಾನುವಾರ ಅತ್ತೆ ಅರ್ಧ ಕೆಜಿ ಬೆಣ್ಣೆ ತರಿಸಿ ನನ್ನನ್ನು ಒಲೆಯ ಮುಂದೆ ನಿಲ್ಲಿಸಿದರು. ಅವರ ಮಗಳಿಗೂ ಹೇಳಿಕೊಡದ ವಿದ್ಯೆ ಅದು.

"ಮೊದ್ಲು ಮಜ್ಗೆ ವಾಸ್ನೆ ಬತ್ತದೆ, ಅದ್ನ ಬುಟ್ಬುಡು. ಆಮೇಲೆ ಹಾಲು ಉಕ್ಕಿದ್ ವಾಸ್ನೆ, ಅದ್ನೂ ಬುಡು. ಅದಾದ್ಮೇಲೆ ಒಂದ್ ಗಳಿಗೆ ಏನೂ ಇರಾಕಿಲ್ಲ. ಅಲ್ಲಿ ಹುಷಾರಾಗಿ ನಿಂತ್ಕೊ. ಹುರಗಡ್ಲೆ ಬಾಯ್ಗಾಕ್ಕೊಂಡಂಗೆ ಒಂದ್ ಘಮ ಬತ್ತದೆ. ಅದು ಬಂದೇಟ್ಗೆ ಇಳಿಸ್ಬೇಕು. ಯೋಚ್ನೆ ಮಾಡ್ದೆ ಅಂದ್ರೆ ಸೀದೋಯ್ತದೆ."

ಮೊದಲನೆಯದು ಹಸಿಯಾಯಿತು. ಎರಡನೆಯದು ಸೀದಿತು. ಮೂರನೆಯದನ್ನು ಅವರು ಬೆರಳಲ್ಲಿ ಉಜ್ಜಿ ಮರಳು ನೋಡಿ, "ಪಾವಗಡದ ಮೂಗ್ಗೆ ಇದು ಜಾಸ್ತಿನೇ ಆಯ್ತು" ಎಂದರು. ಆ ಮಾತನ್ನು ನಾನು ಸ್ಟಾಫ್ ರೂಮಿನಲ್ಲಿ ಹೇಳಲಿಲ್ಲ, ಇಟ್ಟುಕೊಂಡೆ. ಉಪಾಯ ಅಲ್ಲೇ ಗೊತ್ತಾಯಿತು. ಮದುವೆ ಮನೆಯ ಹಿತ್ತಲಿನಲ್ಲಿ ನಾನು ಅವರ ಬಲಕ್ಕೆ ನಿಲ್ಲಬೇಕು. ಹದ ಬಂದಾಗ ಒಂದು ಸಲ ಕೆಮ್ಮಬೇಕು. ಅವರು "ಇಳ್ಸಿ" ಎನ್ನಬೇಕು.

ಆ ದಿನ ಬೆಳಿಗ್ಗೆ ಚನ್ನರಾಯನದುರ್ಗದ ಕಡೆಯಿಂದ ಬಂದ ಬೆಣ್ಣೆಯನ್ನು ಇಷ್ಟು ದೊಡ್ಡ ಪಾತ್ರೆಗೆ ಹಾಕಿ ಏರಿಸಿದರು. ಅತ್ತೆ ಹೊಸ ಸೀರೆಯುಟ್ಟು ಬಂದರು, ಸ್ಟೂಲಿನ ಮೇಲೆ ಕೂತರು, ಸುತ್ತ ನೋಡಿ ಜನ ಸಾಕೆನ್ನಿಸಿದ ಮೇಲೆ ಕಣ್ಣು ಮುಚ್ಚಿದರು. ನಾನು ಪಕ್ಕದಲ್ಲಿ ನಿಂತೆ. ಮಜ್ಜಿಗೆ ಬಂತು, ಹೋಯಿತು. ಹಾಲು ಬರುತ್ತಿದ್ದ ಹೊತ್ತಿಗೆ ಹಸಿ ಸೌದೆಯ ಹೊಗೆ ನನ್ನ ಕಡೆಗೇ ತಿರುಗಿ, ಎಷ್ಟು ತಡೆದುಕೊಂಡರೂ ತಡೆಯಲಾಗದೆ ಜೋರಾಗಿ ಕೆಮ್ಮಿಬಿಟ್ಟೆ. ಪಾತ್ರೆ ಹಿಡಿಯಲು ಕಾಯುತ್ತಿದ್ದ ಇಬ್ಬರು ಅತ್ತೆಯ ಮುಖ ನೋಡಿದರು. ಅತ್ತೆ "ಇಳ್ಸಿ" ಎನ್ನಲಿಲ್ಲ. ಒಂದು ಕಣ್ಣು ಕೊಂಚ ತೆರೆದು ನನ್ನ ಕಡೆ ನೋಡಿದರು. ನಾನು ಅಲ್ಲ ಅಲ್ಲ ಎಂದು ತಲೆಯಾಡಿಸಿದೆ. ಕಣ್ಣು ಮತ್ತೆ ಮುಚ್ಚಿತು.

ಆಮೇಲೆ ಏನೂ ಇಲ್ಲದ ಆ ಗಳಿಗೆ ಬಂತು. ನಾನು ಮೂಗು ಮುಂದೆ ಮಾಡಿ ಕಾದೆ. ಹುರಿಗಡಲೆ ಬಂತೋ ಬರಲಿಲ್ಲವೋ, ಬಂದಿತು ಅನ್ನಿಸಿತು, ಇನ್ನೂ ಇಲ್ಲವೇನೋ ಅನ್ನಿಸಿತು, ಇಡೀ ಬೀದಿಯ ಮದುವೆಯ ತುಪ್ಪ, ಅತ್ತೆಯ ಇಷ್ಟು ವರ್ಷದ ಹೆಸರು, ಎಲ್ಲ ನನ್ನ ಗಂಟಲಲ್ಲಿ ಕೂತಿತ್ತು. ಕೊನೆಗೆ ಕೆಮ್ಮಿದೆ.

"ಇಳ್ಸಿ" ಎಂದರು ಅತ್ತೆ.

ತುಪ್ಪ ಮರಳು ಮರಳಾಗಿಯೇ ಬಂತು, ಬಣ್ಣ ಮಾತ್ರ ಎಂದಿಗಿಂತ ಒಂದು ಚೂರು ಕೆಂಪು. ಮದುವೆಯ ಊಟದಲ್ಲಿ, ಆ ಮನೆಗೂ ನೆಂಟರೆಂದು ಬಂದಿದ್ದ ಗೌಡಗೆರೆಯ ಬೀಗಿತ್ತಿ ಅನ್ನಕ್ಕೆ ತುಪ್ಪ ಹಾಕಿಸಿಕೊಂಡು, ಮೂಸಿ, ಮತ್ತೆ ಮೂಸಿ, "ಈ ಸಲ ಮಲ್ಲಿಗೆ ಇಲ್ವಾ ಅಕ್ಕ?" ಎಂದು ಕೇಳಿದರು. ಆಮೇಲೆ ಇನ್ನೊಂದು ಸಲ ಹಾಕಿಸಿಕೊಂಡರು. ಅತ್ತೆ ನನ್ನ ಕಡೆ ನೋಡಲಿಲ್ಲ, ಆದರೆ ಮೇಜಿನ ಕೆಳಗಿನಿಂದ ನನ್ನ ಮೊಣಕಾಲಿಗೆ ಮೆಲ್ಲಗೆ ತಟ್ಟಿದರು.

ಅದಾಗಿ ಹದಿನೈದು ದಿನ ಕಳೆದಿರಬೇಕು. ಒಂದು ಭಾನುವಾರ ಬೆಳಿಗ್ಗೆ ನಾನು ಕುದಿಯುವ ನೀರಿನ ಪಾತ್ರೆಯ ಮೇಲೆ ಮೇಣ ಕರಗಲು ಇಟ್ಟು, ಹಿತ್ತಲಿನಲ್ಲಿ ಬಟ್ಟೆ ಒಣಗಿಸುತ್ತ ತಂಗಿಯ ಜೊತೆ ಫೋನಿನಲ್ಲಿ ಮಾತಿಗೆ ಬಿದ್ದಿದ್ದೆ. ಜಗಲಿಯಿಂದ ಅತ್ತೆಯ ಕೂಗು ಬಂತು.

"ಒಲೆ ಮ್ಯಾಲೆ ಅದೇನ್ ಸೀಯ್ತೈತೆ ನೋಡ್ಬಾರ್ದಾ? ಫೋನ್ ಹಿಡ್ದ್ರೆ ಪರಪಂಚವೇ ಬ್ಯಾಡ."

ಓಡಿ ಹೋಗಿ ನೋಡಿದೆ. ಕೆಳಗಿನ ಪಾತ್ರೆಯ ನೀರೆಲ್ಲ ಆರಿ ತಳ ಕಪ್ಪಾಗುತ್ತಿತ್ತು. ಒಲೆ ಆರಿಸಿದೆ. ಆರಿಸಿದ ಮೇಲೆ ಅಲ್ಲೇ ನಿಂತೆ. ಅಡುಗೆ ಮನೆಯಿಂದ ಜಗಲಿಗೆ ನಡುವೆ ಎರಡು ಕೋಣೆ. ಹೊರಗೆ ಹೋದಾಗ ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು.

"ಅತ್ತೆ, ವಾಸ್ನೆ ಬಂತಾ?"

"ಬಂದು ಬೋ ದಿನ ಆಯ್ತು."

"ಯಾವಾಗ?"

"ಮೊದ್ಲು ಲವಂಗ ಬಂತು. ಆಮೇಲೆ ಒಂದೊಂದೇಯ." ಒಂದು ಕಾಯಿ ಬಿಡಿಸಿ ಕಾಳನ್ನು ಮೊರಕ್ಕೆ ಹಾಕಿದರು. "ಮದ್ವೆ ತುಪ್ಪ ಕಾಸಾಕೆ ಇನ್ನೂ ನಾಕ್ ದಿನ ಇತ್ತು."

ನಾನು ಅವರ ಎದುರಿಗೆ ಕೂತೆ. ಹೊಗೆಗೆ ನಾನು ಕೆಮ್ಮಿದಾಗ ಅರ್ಧ ತೆರೆದ ಆ ಕಣ್ಣು ನೆನಪಾಯಿತು. ನನ್ನ ತಲೆಯಾಡಿಸುವಿಕೆ ನೋಡಿ ಅವರು ಸುಮ್ಮನಾದರು ಎಂದು ಇಷ್ಟು ದಿನ ನಂಬಿದ್ದೆ.

"ಮತ್ತೆ ನನ್ನ ಕೆಮ್ಮಿಗೆ ಯಾಕೆ ಕಾದ್ರಿ?"

"ನೀನ್ ಕೆಮ್ಮಿದ್ದು ಒಂದ್ ಗಳಿಗೆ ತಡ" ಎಂದರು.

"ತಡ ಅಂತ ಗೊತ್ತಿದ್ದೂ ಸುಮ್ನಿದ್ರಾ? ಸೀದು ಹೋಗಿದ್ರೆ ನಿಮ್ಮ ಹೆಸರು ಹೋಗ್ತಿತ್ತಲ್ಲ ಅತ್ತೆ."

ಅವರು ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಹೆಸ್ರು ಓದ್ರೆ ನಂದು ಓಯ್ತಿತ್ತು. ನಂದು ಆಗಿ ಮುಗ್ದೈತೆ. ನಿಂದು ಇನ್ನೂ ಆಗ್ಬೇಕಲ್ಲ" ಎಂದರು.

ನನಗೆ ಅಳು ಬಂತು. ಬೀಗಿತ್ತಿಯ ಎದುರಿಗೆ ಅವರನ್ನು ಕಾಪಾಡಿದವಳು ನಾನು ಎಂದು ಒಳಗೊಳಗೇ ಬೀಗುತ್ತಿದ್ದೆ, ಆ ಬೀಗುವುದೆಲ್ಲ ಇಳಿಯಿತು. ಅತ್ತೆಗೆ ಅಳು ಸೇರದು. ಮೊರ ಪಕ್ಕಕ್ಕೆ ಸರಿಸಿ ಕೈ ಚಾಚಿದರು. "ಅದೇನೋ ಹೊಸ್ದು ಮಾಡಿದ್ಯಲ್ಲ, ತಗೊಂಬಾ ಇಲ್ಲಿ."

ಹಿಂದಿನ ದಿನ ಮಾಡಿದ ಗಂಧದ ಡಬ್ಬಿ ತಂದು ಕೊಟ್ಟೆ. ಸಾಬರು ಹೇಳಿದಂತೆ ಆರಿದ ಮೇಲೆಯೇ ಅತ್ತರು ಬೆರೆಸಿದ್ದೆ. ಅತ್ತೆ ಕಣ್ಣು ಮುಚ್ಚಿ ಮೂಸಿದರು, ಹಿಂದಕ್ಕೆ ಹಿಡಿದರು, ಮತ್ತೆ ಮೂಸಿದರು.

"ಇನ್ನೂ ಫೋಟೋನೇ ಕಣಮ್ಮ" ಎಂದರು. "ಆದ್ರೆ ಈ ಸಲ ಕಲರ್ ಫೋಟೋ."

ನಾನು ಕಣ್ಣೊರೆಸಿಕೊಂಡು ಅವರ ಮೊರದಿಂದ ಒಂದು ಹಿಡಿ ಅವರೆಕಾಯಿ ತೆಗೆದುಕೊಂಡು ಸುಲಿಯಲು ಕೂತೆ.